ಹಸೆಮಣೆಯ ಮೇಲೊಂದು ಹೆಚ್ಚಿನ ಚುಕ್ಕೆ

ಸತ್ತವರು ವಾಪಸ್ ಬರುತ್ತಾರೆ ಎನ್ನುವವರನ್ನು ಕಂಡರೆ ನಾನು ನಗುತ್ತಿದ್ದೆ. ಬಂದು ಮಾಡುವುದೇನು, ಇದ್ದಾಗಲೇ ಸಾಕಾಗಿರುತ್ತದೆ ಎಂದು ಮುಖಕ್ಕೇ ಹೇಳಿದ್ದೂ ಉಂಟು. ಈಗಲೂ ದೆವ್ವ ಇದೆ ಎಂದು ನಾನು ಹೇಳುತ್ತಿಲ್ಲ. ಕಂಡದ್ದನ್ನು ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಕೆಲವು ವರ್ಷದ ಹಿಂದಿನ ಮಾತು. ಅಮೆರಿಕದ ಪ್ಲೆಸೆಂಟನ್ನಿನಲ್ಲಿರುವ ಮಗಳ ಮನೆಯಲ್ಲಿ ಮೊಮ್ಮಗಳು ಮೇಘಾಳ ಮದುವೆ ಹತ್ತಿರ ಬಂದಿತ್ತು. ಹಸೆಮಣೆಗೆ ಪುಡಿಯಲ್ಲಿ ರಂಗೋಲಿ ಹಾಕಿದರೆ ಕಾರ್ಪೆಟ್ಟು ಕೆಡುತ್ತದೆಂದು ಮದುವೆಯ ಜಾಗದವರು ಒಪ್ಪಲಿಲ್ಲ. ಮೇಘಾ ಗರಾಜಿನಲ್ಲಿ ಮರ ಕೆತ್ತುವ ಕಂಪ್ಯೂಟರ್ ಮಿಷನ್ನು ಇಟ್ಟುಕೊಂಡಿದ್ದಾಳೆ. ಅದರಲ್ಲೇ ಕೆತ್ತುವುದೆಂದಾಯಿತು. ಊರಿಂದ ಸೂಟ್‌ಕೇಸಿನಲ್ಲಿ ತಂದ ಹಲಸಿನ ಹಲಗೆ ಇದ್ದದ್ದು ಒಂದೇ. ಕೆಟ್ಟರೆ ಇನ್ನೊಂದು ತರಿಸಲು ಹೊತ್ತಿರಲಿಲ್ಲ.

ರಂಗೋಲಿಯನ್ನು ನಾನು ಕಾಗದದ ಮೇಲೆ ಹಾಕಿಕೊಟ್ಟೆ, ಮೇಘಾ ಕಂಪ್ಯೂಟರಿಗೆ ಇಳಿಸಿದಳು. ಯಾವ ಗೆರೆ ಮೊದಲು, ಯಾವುದು ಆಮೇಲೆ ಎಂಬುದನ್ನೂ ಮಿಷನ್ನಿಗೆ ಹೇಳಬೇಕಂತೆ. ಅದರ ಪಾಡಿಗೆ ಬಿಟ್ಟರೆ ಹತ್ತಿರದ ಗೆರೆಗೆ ಹಾರಿಕೊಂಡು ಹೋಗುತ್ತದೆ.

"ಹೇಗಾದ್ರೂ ಕೊರೀಲಿ ಬಿಡಜ್ಜಿ, ಔಟ್‌ಪುಟ್ ಸೇಮ್" ಎಂದಳು.

"ನಿನ್ನ ತಲೆ. ಎಡಗಡೆ ಮೇಲಿಂದ ಶುರುಮಾಡಿ ಬಲಗಡೆಗೆ ಬರ್ಬೇಕು. ಇಲ್ದಿದ್ರೆ ಅದು ರಂಗೋಲಿ ಅಲ್ಲ, ಗೀಚೋದು" ಎಂದೆ.

ಶಾಲೆಯ ಮುಖ ಸರಿಯಾಗಿ ಕಾಣದವಳು ನಾನು, ಕುರ್ಚಿ ಎಳೆದುಕೊಂಡು ಕೂತು ಒಂದೊಂದು ಗೆರೆಗೂ ಸರದಿ ಹೇಳಿಕೊಟ್ಟೆ. ಭಾರಿ ಹುರುಪು ಬಂದುಬಿಟ್ಟಿತ್ತು. ಊಟಕ್ಕೆ ಕರೆದರೂ ಏಳಲಿಲ್ಲ. ಮರಕ್ಕೆ ತಾಗಿಸದೆ ಗಾಳಿಯಲ್ಲೇ ಒಂದು ಸಲ ಓಡಿಸಿ ನೋಡಿದೆವು. ಹೇಳಿದ ಹಾಗೇ ಹೋಯಿತು.

ಆಮೇಲೆ ಮೇಘಾ ಹಲಗೆ ಬಿಗಿದು ಶುರುಮಾಡಿದಳು. ಮಿಷನ್ನು ಸೀದಾ ಬಲಗಡೆ ಮೂಲೆಗೆ ಹೋಗಿ ಕೊರೆಯತೊಡಗಿತು.

"ಓ ನೋ. ಅಜ್ಜಿ, ಹಲಗೆ ಹೋಯ್ತು" ಎನ್ನುತ್ತ ಅವಳು ನಿಲ್ಲಿಸುವ ಕೆಂಪು ಗುಂಡಿಗೆ ಕೈಹಾಕಿದಳು. ನಾನು ಆ ಕೈ ಹಿಡಿದುಕೊಂಡೆ.

"ಸುಮ್ನಿರೇ. ನೋಡು."

ನಮ್ಮಕ್ಕ ಎಡಚಿ. ಹಾಕಿದ ಪುಡಿ ಅಂಗೈಗೆ ತಾಗಿ ಅಳಿಸದಿರಲೆಂದು ಬಲದಿಂದ ಎಡಕ್ಕೆ ಹಾಕುತ್ತಿದ್ದಳು. ತಿರುವು ಬಂದಾಗ ಚೂರು ನಿಂತು, ಆಮೇಲೆ ಸರಕ್ಕನೆ ಎಳೆಯುವಳು. ಎಡಗೈ ಅಶುಭವೆಂದು ಅವಳನ್ನು ಒಂದು ಮದುವೆಯಲ್ಲೂ ಹಸೆಮಣೆಯ ಹತ್ತಿರ ಬಿಟ್ಟುಕೊಳ್ಳಲಿಲ್ಲ. ನನ್ನ ಮದುವೆಯಲ್ಲೂ ಅವಳಿಗೆ ಪಾತ್ರೆ ತೊಳೆಯುವ ಕೆಲಸ. ಅವಳು ಹೋದಾಗ ಮೇಘಾ ಇನ್ನೂ ಹುಟ್ಟಿರಲಿಲ್ಲ.

ಮಿಷನ್ನು ತಿರುವಿನಲ್ಲಿ ಚೂರು ನಿಲ್ಲುತ್ತಿತ್ತು, ಸರಕ್ಕನೆ ಹೋಗುತ್ತಿತ್ತು. ನನಗೆ ಹೆದರಿಕೆ ಆಗಲಿಲ್ಲ. ಮೊಣಕಾಲು ನೋವು ಮರೆತು ಎದ್ದು ನಿಂತುಬಿಟ್ಟಿದ್ದೆ. "ಎಳಿ, ಎಳಿ" ಎಂದು ಬಾಯಿಬಿಟ್ಟೇ ಹೇಳಿದೆ. ಒಂದು ಗೆರೆಯೂ ತಪ್ಪಲಿಲ್ಲ. ಎಲ್ಲ ಮುಗಿದ ಮೇಲೆ ಅಂಚಿನಲ್ಲೊಂದು ಚುಕ್ಕೆ ಇಟ್ಟು ನಿಂತಿತು. ನನ್ನ ಕಾಗದದಲ್ಲಿ ಆ ಚುಕ್ಕೆ ಇರಲಿಲ್ಲ. ಅಕ್ಕ ಏಳುವ ಮುಂಚೆ ಬೆರಳಿನಲ್ಲಿ ಉಳಿದ ಪುಡಿಯನ್ನು ಹಾಗೇ ಅಂಚಿನಲ್ಲಿ ಇಟ್ಟು ಏಳುತ್ತಿದ್ದಳು.

ಮೇಘಾ ಕಂಪ್ಯೂಟರ್ ನೋಡಿದಳು. ನಾವು ಹೇಳಿದ ಸರದಿಯೇ ಇತ್ತು, ಚುಕ್ಕೆ ಇರಲಿಲ್ಲ. ಬೇರೊಂದು ತುಂಡಿನ ಮೇಲೆ ಓಡಿಸಿದಳು. ತೆಪ್ಪಗೆ ಎಡದಿಂದ ಬಲಕ್ಕೆ ಕೊರೆಯಿತು.

ಮದುವೆಯ ದಿನ ಹುಡುಗನ ತಾಯಿ ಬಗ್ಗಿ ನೋಡಿ, "ತುಂಬಾ ಚೆನ್ನಾಗಿದೆ. ಇದೊಂದು ಚುಕ್ಕೆ ಮಾತ್ರ ಮಿಷನ್ ತಪ್ಪು ಮಾಡಿದೆ ಅಲ್ವಾ?" ಎಂದರು.

"ತಪ್ಪಲ್ಲ" ಎಂದೆ.

"ಮತ್ತೆ ಏನಮ್ಮಾ ಅದು?"

ಅಕ್ಕನ ಹೆಸರು ಬಾಯಿಗೆ ಬಂತು. ಮಿಷನ್ನಿಗೂ ಸತ್ತವಳಿಗೂ ಏನು ಸಂಬಂಧ ಎಂದು ಕೇಳಿಯಾರೆಂದು ನುಂಗಿಕೊಂಡೆ.

"ಅಲ್ಲೇ ಇರ್ಬೇಕಾದ್ದು, ಇರ್ಲಿ ಬಿಡಿ" ಎಂದು, ಮದುಮಕ್ಕಳನ್ನು ಅದರ ಮೇಲೆ ಕೂರಿಸಿದೆ.