ಒಬ್ಬರು ಅಗಲ ಅಳೆದರು, ಒಬ್ಬರು ಉದ್ದ

ಕೊಟ್ಟೂರು–ಹರಪನಹಳ್ಳಿ ಬಸ್ಸಿನಲ್ಲಿ ನಾನು ಕಂಡಕ್ಟರ್. ಒಂದು ಬೆಳಿಗ್ಗೆ ಖಾಕಿ ಅಂಗಿಯ ಕತ್ತಿನ ಗುಂಡಿ ಹಾಕಿಕೊಳ್ಳುವಾಗ ಬೆರಳಿಗೆ ಏನೋ ತಗುಲಿತು. ಗಂಟಲ ಬಲಬದಿಗೆ ಗಂಟು. ನೋವಿಲ್ಲ. ಉಗುಳು ನುಂಗಿದರೆ ಮೇಲೆ ಹೋಗಿ ಕೆಳಗಿಳಿಯುತ್ತಿತ್ತು.

ಕೊಟ್ಟೂರಿನಲ್ಲಿ ಸ್ಕ್ಯಾನ್ ಮಾಡಿಸಿದೆ. "ಥೈರಾಯ್ಡ್‌ನಲ್ಲಿ ಸಣ್ಣ ನಾಡ್ಯೂಲ್, ಒಂದು ಪಾಯಿಂಟ್ ಎರಡು ಸೆಂಟಿಮೀಟರ್" ಎಂದು ರಿಪೋರ್ಟ್ ಬಂತು. ನಾಡ್ಯೂಲ್ ಎಂದರೆ ಗಂಟು; ಸಣ್ಣದು ತಾನೇ ಎಂದು ಡ್ಯೂಟಿಗೆ ಹೋದೆ. ಕೆಲವು ತಿಂಗಳ ನಂತರ ಹರಪನಹಳ್ಳಿಯಲ್ಲಿ ಮಾಡಿಸಿದಾಗ ಬರೆದದ್ದು ಬೇರೆ: "ದೊಡ್ಡ ನಾಡ್ಯೂಲ್, ಎರಡು ಪಾಯಿಂಟ್ ಒಂದು. ಕ್ಯಾನ್ಸರ್ ಅಲ್ಲವೆಂದು ಖಚಿತಪಡಿಸಿಕೊಳ್ಳಬೇಕು."

ಬೆಳೆದುಬಿಟ್ಟಿದೆ.

ಅಲ್ಲಿನ ಸರ್ಜನ್ ಎರಡೂ ರಿಪೋರ್ಟ್ ನೋಡಿ, "ಇಷ್ಟು ಬೇಗ ಬೆಳದೈತಿ ಅಂದ್ರ ಆಪರೇಷನ್ ಬೇಕಾಗಬಹುದು. ದನಿ ಸ್ವಲ್ಪ ಬದಲಾಗಬಹುದು" ಎಂದರು. ನಾನು ಅನ್ನ ತಿನ್ನುವುದೇ ಆ ದನಿಯಿಂದ. ಅವತ್ತು ಒಲೆ ಹಚ್ಚಲು ಮನಸ್ಸಾಗಲಿಲ್ಲ. ಮೋಟಾರು ರಿಪೇರಿ ಮಾಡುವ ನನ್ನ ಗಂಡ ಮಂಜಪ್ಪ ತಾನೇ ಉಪ್ಪಿಟ್ಟು ಕೆದಕುತ್ತ, "ದನಿ ಹೋದ್ರ ಸೀಟಿ ಹೊಡದು ಬಸ್ ನಿಲ್ಸು" ಎಂದ. ನಗುವೂ ಬಂತು, ಅಳುವೂ ಬಂತು. ಆಮೇಲೆ ಅವನೇ ಮೆಲ್ಲಗೆ, "ಇನ್ನೊಬ್ರಿಗೆ ತೋರ್ಸೋಣು" ಎಂದ.

ಹಗರಿಬೊಮ್ಮನಹಳ್ಳಿಯಲ್ಲಿ ಸ್ಕ್ಯಾನ್ ಓದುವ ಡಾಕ್ಟರ್, ರೇಡಿಯಾಲಜಿಸ್ಟ್ ಮೇಡಂ ಒಬ್ಬರಿದ್ದರು; ಇಬ್ಬರೂ ಹೋದೆವು. ರಿಪೋರ್ಟ್ ಪಕ್ಕಕ್ಕಿಟ್ಟು ಫಿಲ್ಮ್‌ಗಳನ್ನೇ ಬೆಳಕಿಗೆ ಹಿಡಿದರು. ಹಳೆಯ ಫಿಲ್ಮಿನ ಮೇಲೆ ಸ್ಕೇಲ್ ಇಟ್ಟರು.

"ಒಬ್ರು ಅಗಲ ಅಳದಾರ, ಒಬ್ರು ಉದ್ದ ಅಳದಾರ. ಉದ್ದ ಹಳೇ ಫಿಲ್ಮಿನಾಗೂ ಎರಡು ಪಾಯಿಂಟ್ ಒಂದ ಐತಿ. ಗಂಟು ಆಗ ಎಷ್ಟಿತ್ತೋ ಈಗ್ಲೂ ಅಷ್ಟೇ ಐತಿ, ನೋಡ್ರಿ."

ನಾನು ಮಂಜಪ್ಪನ ಮುಖ ನೋಡಿದೆ.

ಜೆಲ್ ಹಚ್ಚಿ ಅವರು ಮತ್ತೆ ಸ್ಕ್ಯಾನ್ ಮಾಡಿದರು. ಉದ್ದ, ಅಗಲ, ದಪ್ಪ ಮೂರನ್ನೂ ಅಳೆದರು. ಗಂಟಿನ ಆಕಾರಕ್ಕೆ, ಅಂಚಿಗೆ, ಒಳಗಿನ ಚುಕ್ಕೆಗಳಿಗೆ ಬೇರೆಬೇರೆ ಅಂಕ ಕೊಟ್ಟು ಕೂಡಿಸಿದರು.

"ಸಣ್ಣದು, ದೊಡ್ಡದು ಅಂತ ಬರದ್ರ ಒಬ್ಬೊಬ್ರಿಗೆ ಒಂದೊಂದು ಅರ್ಥ ಆಗತೈತಿ. ಹಿಂಗ ಅಂಕ ಕೊಡೋದಕ್ಕ ಟೈರಾಡ್ಸ್ ಅಂತಾರ. ಹಿಂಗ ಬರದ್ರ ಯಾವ ಊರಿನ ಡಾಕ್ಟರ್ ಓದಿದ್ರೂ ಒಂದ ಅರ್ಥ. ನಿಮ್ಮದು ಐದರೊಳಗ ಮೂರನೇ ಕೆಟಗರಿ."

"ಹಂಗಾದ್ರ ಕ್ಯಾನ್ಸರ್ ಅಲ್ಲಲ್ರಿ?"

"ಅನುಮಾನ ಬಾಳ ಕಡಿಮಿ. ಇಲ್ಲೇ ಇಲ್ಲ ಅಂತ ನಾ ಹೇಳಾಂಗಿಲ್ಲ. ಈ ಅಳತಿಗೆ ಸೂಜಿ ಚುಚ್ಚಿ ನೋಡೋ ಟೆಸ್ಟೂ ಬ್ಯಾಡ. ಮುಂದಿನ ವರ್ಷ ಬರ್ರಿ."

ಆ ರಿಪೋರ್ಟ್ ಓದಿ ಸರ್ಜನ್ ಆಪರೇಷನ್ ಮಾತು ಬಿಟ್ಟರು. ವರ್ಷ ತುಂಬಿದ ಮೇಲೆ ಮೊನ್ನೆ ಮತ್ತೆ ಸ್ಕ್ಯಾನ್ ಆಯಿತು. ಅದೇ ಅಳತೆ, ಅದೇ ಮೂರು. ಸಮಾಧಾನವಾಗಿ ಹೇಳುವವರು ಸಿಕ್ಕರಲ್ಲ ಎಂಬುದೇ ನನಗೆ ದೊಡ್ಡದು.

ಸ್ಕ್ಯಾನ್ ಮುಗಿಸಿ ಇಬ್ಬರೂ ಹೊರಗೆ ಮಂಡಕ್ಕಿ, ಮಿರ್ಚಿ ತಿನ್ನುತ್ತ ಕೂತಾಗ ಉಜ್ಜಿನಿಯಿಂದ ಅತ್ತೆಯ ಫೋನ್.

"ಗಂಟು ಹೋತೇನವ್ವಾ?"

"ಇಲ್ಲತ್ತಿ, ಅಲ್ಲೇ ಐತಿ. ಬೆಳದಿಲ್ಲ, ತ್ರಾಸೂ ಕೊಡವಲ್ದು."

"ಹಂಗಾದ್ರ ಇರ್ಲಿ ಬಿಡು. ನನ್ನ ಮಗನ್ನ ಇಟ್ಕೊಂಡಿಲ್ಲೇನು?"

ಮಂಜಪ್ಪನಿಗೆ ಕೇಳಿಸಿತು. ಕೊನೆಯ ಮಿರ್ಚಿಯನ್ನು ಅವನೇ ತಿಂದ.