ಅನ್ನ ಇಳಿಯದ ದಿನಗಳು

ನಿನ್ನೆ ಮೊಮ್ಮಗಳ ಮೊಣಕಾಲಿಗೆ ಟಿಂಚರ್ ಹಚ್ಚುವಾಗ, ಅದರ ವಾಸನೆಗೆ ತರೀಕೆರೆ ಆಸ್ಪತ್ರೆಯ ಡಾಕ್ಟರು ನೆನಪಾದರು. ಮುಖ ನೆನಪಾಗಲಿಲ್ಲ. ಕನ್ನಡಕ ಇತ್ತೆಂದು ಬರೆಯಹೊರಟೆ. ಅದು ನಾನೇ ಆಮೇಲೆ ತೊಡಿಸಿದ್ದಿರಬೇಕು… ಕೈಗಳು ಮಾತ್ರ ನಿಜ.

ಪ್ಲೇಗಿಗೆ ಹೆದರಿ ಅಜ್ಜಂಪುರದವರೆಲ್ಲ ಹೊಲದ ಗುಡಿಸಲುಗಳಿಗೆ ಹೋಗಿದ್ದ ವರ್ಷ ನನ್ನ ಅಣ್ಣ ತೀರಿಕೊಂಡ. ಊರಿಗೆ ಮರಳಿದೆವು. ಪಿತೃಪಕ್ಷ ಕಳೆಯಿತು. ಅದಾದ ಮೇಲೆ ನನಗೆ ಅನ್ನ ನುಂಗಲಾಗಲಿಲ್ಲ. ತುತ್ತು ಗಂಟಲಲ್ಲೇ ನಿಂತುಬಿಡುತ್ತಿತ್ತು. ಎಲುಬು ಕಾಣುವಂತಾದ ಮೇಲೆ ಅವ್ವ ಗಾಡಿಯಲ್ಲಿ ಮಲಗಿಸಿ ತರೀಕೆರೆ ಆಸ್ಪತ್ರೆಗೆ ಕರೆದೊಯ್ದಳು.

“ಯಾರೋ ಮಾಟ ಮಾಡ್ಸವ್ರೆ ಡಾಕ್ಟ್ರೇ. ಇರೋ ಒಬ್ಬನೂ ಹೋಗ್ಬಿಡ್ತಾನೆ.”

“ಇವನಿಗೆ ಮಾಟ ಮಾಡ್ಸಿ ಯಾರಿಗೇನು ಸಿಗುತ್ತಮ್ಮಾ? ಇನ್ನೂ ಮೀಸೆನೇ ನೆಟ್ಟಗೆ ಬಂದಿಲ್ಲ.”

ಗಂಟಲು ನೋಡಿದರು. ಅಲ್ಲೇನೂ ಇರಲಿಲ್ಲ. ಅವರು ಸೈನ್ಯದ ಡಾಕ್ಟರಾಗಿ ಯುದ್ಧಕ್ಕೆ ಹೋಗಿಬಂದವರು. ಮೈಮೇಲೆ ಗಾಯವೇ ಇಲ್ಲದ ಸಿಪಾಯಿಗಳು ಮಾತು ಕಳೆದುಕೊಂಡದ್ದನ್ನು ಕಂಡಿದ್ದರಂತೆ. ಅವ್ವನ ಜೊತೆ ನನ್ನನ್ನು ಅಲ್ಲೇ ಉಳಿಸಿಕೊಂಡು, ಗಂಜಿನೀರು ಕುಡಿಸಿ, ದಿನಾ ಮಧ್ಯಾಹ್ನ ನನ್ನೊಬ್ಬನನ್ನೇ ಜಗುಲಿಗೆ ಕರೆಯುತ್ತಿದ್ದರು. ಒಗೆದು ಒಣಗಿಸಿದ ಬ್ಯಾಂಡೇಜಿನ ಒಂದು ತುದಿ ನನ್ನ ಕೈಗೆ ಕೊಟ್ಟು, ಇನ್ನೊಂದು ತುದಿಯಿಂದ ಸುತ್ತುತ್ತ ಕೂರುವರು.

“ಮನಸಿಗೆ ಬಂದದ್ದು ಹೇಳ್ತಾ ಹೋಗು. ಸರಿ ತಪ್ಪು ನೋಡ್ಬೇಡ.”

ಅವರು ನನ್ನ ಮುಖ ನೋಡುತ್ತಿರಲಿಲ್ಲ. ನಾನು ಮಾತು ನಿಲ್ಲಿಸಿದರೆ ಸುತ್ತುವುದೂ ನಿಲ್ಲುತ್ತಿತ್ತು. ದನ ಮೇಯುವ ಕಾವಲಿನ ಹೋರಿ ಅಟ್ಟಿಸಿಕೊಂಡು ಬಂದ ಕನಸು, ಅಣ್ಣನ ಬೈಗುಳ… ಏನೇನೋ ಹೇಳಿದೆ.

ಒಂದು ದಿನ ಎಡೆಯ ಮಾತು ಬಂತು. ಪಿತೃಪಕ್ಷದಲ್ಲಿ ಅಣ್ಣನಿಗೆಂದು ಇಟ್ಟ ಎಡೆಯನ್ನು ಅವ್ವ ಅಳುತ್ತಲೇ, “ಅವನ ಬದ್ಲು ನೀನೇ ತಿನ್ನಪ್ಪಾ” ಎಂದು ನನ್ನ ಮುಂದೆ ಸರಿಸಿದ್ದಳು.

“ತಿಂದ್ಯಾ?”

“ಹೂಂ. ಹೋಳಿಗೆ…”

ಬ್ಯಾಂಡೇಜು ನಿಂತಿತು.

“ಹೋಳಿಗೆ ರುಚಿಯಾಗಿತ್ತು ಡಾಕ್ಟ್ರೇ. ಇನ್ನೊಂದು ಬೇಕು ಅನ್ನಿಸ್ತು.”

“ಕೇಳಿದ್ಯಾ?”

“ಹೆಂಗ್ ಕೇಳ್ಲಿ? ಅವ್ನು ಸತ್ತೋಗವ್ನೆ. ನಂಗೆ ಬದುಕಿದೀನಲ್ಲಾ ಅಂತ ಖುಷಿ ಆಗ್ಬಿಟ್ಟಿತ್ತು.”

ಇಷ್ಟು ನೇರವಾಗಿ ಹೇಳಿದೆನೆಂದು ಈಗ ನಂಬಲಾರೆ. ಎಷ್ಟೋ ಮಧ್ಯಾಹ್ನಗಳ ತೊದಲನ್ನು ನೆನಪು ಒಂದೇ ಮಾತಾಗಿ ಹೊಲಿದಿರಬಹುದು. ಅವರು ಸಮಾಧಾನ ಹೇಳಲಿಲ್ಲ. “ಹಸಿವಾಗಿತ್ತು ಕಣೋ ನಿಂಗೆ” ಎಂದರು, ಅಷ್ಟೇ. ಮತ್ತೆ ಸುತ್ತತೊಡಗಿದರು.

ಆ ಸಂಜೆ ಮುದ್ದೆಯ ಮೊದಲ ತುತ್ತು ಇಳಿಯಿತು. “ಅವ್ವಾ, ಇನ್ನೊಂದಿಷ್ಟು ಹಾಕು” ಎಂದೆ. ಅವ್ವ ತನ್ನ ಪಾಲಿನ ಮುದ್ದೆಯನ್ನೂ ನನ್ನ ತಟ್ಟೆಗೆ ಹಾಕಿದಳು.

ಮುಂದೆ ಡಾಕ್ಟರಿಗೆ ವರ್ಗವಾಯಿತು. ಅವರು ತೀರಿಹೋದ ಸುದ್ದಿ ಬಹಳ ತಡವಾಗಿ ಬಂತು. ಈಗ ಅವ್ವನೂ ಇಲ್ಲ. ಆ ಜಗುಲಿಯ ಮೇಲೆ ನಾನು ಅತ್ತೆನೋ, ನಕ್ಕೆನೋ ಎಂದು ಹೇಳಬಲ್ಲವರು ಡಾಕ್ಟರೊಬ್ಬರೇ ಇದ್ದರು. ಇನ್ನು ನನಗೆ ಬೇಕಾದಂತೆ ಬರೆದುಕೊಳ್ಳಬಹುದು. ಅಲ್ಲವೆನ್ನಲು ಯಾರೂ ಇಲ್ಲ…