ಎತ್ತರ ಹೇಳದ ಚುಕ್ಕಿ

ಮುನೀಂದ್ರ ತೀರಿಕೊಂಡು ಮೂರು ತಿಂಗಳಾಯಿತು. ಜುಲೈನಲ್ಲಿ ಒಂದು ಬೆಳಿಗ್ಗೆ ಮೆಟ್ರೊ ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಪೀಣ್ಯದ ನಮ್ಮ ಶೆಡ್ಡಿನಲ್ಲಿ ಅವನು ಕೂರುತ್ತಿದ್ದ ಸ್ಟೂಲು ಇದ್ದಲ್ಲೇ ಇದೆ.

ಹನ್ನೊಂದು ವರ್ಷ ಅವನು ಅದರ ಮೇಲೆ ಕೂತು ಹಿತ್ತಾಳೆ ಬಳೆಗಳನ್ನು ಅಳೆದ. ನಾನು ಅವನ್ನು ಡಬ್ಬಿಗೆ ತುಂಬಿ ಕಳಿಸಿದೆ. ಒಂದು ರೂಪಾಯಿ ನಾಣ್ಯದಷ್ಟು ಅಗಲದ ಬಳೆ. ಆಕಾಶದಲ್ಲಿರುವ ವಿಮಾನದ ಎತ್ತರವನ್ನು ಅಳೆದು ನೆಲದಲ್ಲಿರುವವರಿಗೆ ತಿಳಿಸುವ ಯಂತ್ರದೊಳಗೆ ಅದು ಕೂರುತ್ತದೆ.

ಅದಕ್ಕೂ ಮೊದಲು ಅವನು ಇಪ್ಪತ್ತು ವರ್ಷ ವಾಯುಪಡೆಯಲ್ಲಿ ರೇಡಾರ್ ನೋಡುತ್ತಿದ್ದ. ಪಶ್ಚಿಮ ಕರಾವಳಿಯ ಒಂದು ಬೆಳಗಿನ ಸಂಗತಿಯನ್ನು ನನಗೆ ಒಮ್ಮೆ ಮಾತ್ರ ಪೂರ್ತಿ ಹೇಳಿದ್ದ. ಪರದೇಶದ ಸೇನಾ ವಿಮಾನವೊಂದು ನಮ್ಮ ಗಡಿ ದಾಟದೆ, ಅಂಚಿನಲ್ಲೇ ಸಮುದ್ರದ ಮೇಲೆ ಹಾರುತ್ತಿತ್ತು. ಎತ್ತರ ತಿಳಿಸುವ ಯಂತ್ರವನ್ನು ಬೇಕೆಂದೇ ಆರಿಸಿತ್ತು. ಪರದೆಯ ಮೇಲೆ ಬರೀ ಒಂದು ಚುಕ್ಕಿ. ಅದೇ ದಾರಿಯಲ್ಲಿ ಪ್ರಯಾಣಿಕರ ವಿಮಾನವೊಂದು ಇಳಿಯುತ್ತಿತ್ತು. ಎರಡೂ ಹತ್ತಿರವಾದವು. ಒಂದರ ಮೇಲೊಂದು ಹಾದುಹೋಗುತ್ತವೋ, ಎದುರೆದುರು ಬರುತ್ತವೋ ಹೇಳುವಂತಿರಲಿಲ್ಲ. ಮುನೀಂದ್ರ ಫೋನೆತ್ತಿ ಕೂಗಿದ. ವಿಮಾನ ನಿಲ್ದಾಣದವರು ತಮ್ಮ ವಿಮಾನವನ್ನು ಬೇರೆ ಕಡೆ ತಿರುಗಿಸಿದರು. ಅದು ಏಳು ನಿಮಿಷ ತಡವಾಗಿ ಇಳಿಯಿತು. ಒಳಗಿದ್ದವರು ತಡವಾಯಿತೆಂದು ಗೊಣಗಿಕೊಂಡಿರಬಹುದು, ಅಷ್ಟೇ.

ಎರಡು ವರ್ಷದ ಹಿಂದೆ ಟೀ ಅಂಗಡಿಯ ಟೀವಿಯಲ್ಲಿ ಅಂಥದ್ದೇ ಸುದ್ದಿ ಬಂತು. ನಮ್ಮ ಲೇತ್ ಆಪರೇಟರ್ ಮನು ಕಪ್ಪು ಕುಕ್ಕಿದ. "ಒಂದನ್ನ ಹೊಡೆದು ಕೆಡವಿದ್ರೆ ಬುದ್ಧಿ ಬರ್ತಿತ್ತು ಗುರು."

"ಗಡಿನೇ ದಾಟಿಲ್ಲ, ಏನಂತ ಕೆಡವ್ತೀಯೋ?" ಎಂದ ಮುನೀಂದ್ರ. "ದುಬೈಯಿಂದ ಬರ್ತಿರೋನಿಗೆ ಅದು ಅಲ್ಲಿರೋದೇ ಗೊತ್ತಿರಲ್ಲ. ಅವನ ಚಿಂತೆ ಮಾಡು."

"ಅವನಿಗೇನಣ್ಣ ಚಿಂತೆ, ಚಿನ್ನ ತರ್ತಿರ್ತಾನೆ."

ಎಲ್ಲರೂ ನಕ್ಕರು, ಮುನೀಂದ್ರನೂ ನಕ್ಕ. ಶೆಡ್ಡಿಗೆ ಮರಳುವಾಗ ನನಗೆ ಮಾತ್ರ ಹೇಳಿದ: "ಎತ್ತರ ಹೇಳ್ದೇ ಇರೋನಿಂದ ಎಲ್ರೂ ದೂರ ಸರೀತಾರೆ ಸಿದ್ದ. ತಪ್ಪು ಎತ್ತರ ಹೇಳೋನ್ನ ನಂಬ್ಕೊಂಡು ಹತ್ರ ಹೋಗ್ತಾರೆ. ನಂಗೆ ಈ ಎರಡನೆಯವನದ್ದೇ ಭಯ."

ಆ ವರ್ಷವೇ ಆಯುಧಪೂಜೆಯಲ್ಲಿ ಎಡವಟ್ಟಾಯಿತು. ಪೀಣ್ಯದಲ್ಲಿ ಆ ದಿನ ಲೇತಿನಿಂದ ಹಿಡಿದು ಸ್ಪ್ಯಾನರಿನವರೆಗೆ ಎಲ್ಲಕ್ಕೂ ಗಂಧ, ಕುಂಕುಮ. ಮುನೀಂದ್ರನ ಗೇಜು ಪೆಟ್ಟಿಗೆಗೆ ಮಾತ್ರ ಬೇರೆ ನಿಯಮ. ಅದರಲ್ಲಿರುವುದು ಕನ್ನಡಿಯಂತೆ ನುಣುಪಾದ ಉಕ್ಕಿನ ಬಿಲ್ಲೆಗಳು. ಅವನ್ನು ಒಂದಕ್ಕೊಂದು ಅಂಟಿಸಿ ಇಟ್ಟು ಅಳತೆಯ ಯಂತ್ರವನ್ನು ಹೊಂದಿಸಬೇಕು. ಅವನು ಪೆಟ್ಟಿಗೆಯನ್ನು ಮುಚ್ಚಿ, ಮುಚ್ಚಳಕ್ಕೆ ಬೊಟ್ಟಿಡುತ್ತಿದ್ದ. ಆದರೆ ಆ ಸಲ ಮಾಲೀಕ ವಸಂತ್ ಅವರ ತಾಯಿ ವೆಂಕಟಮ್ಮ ಪೂಜೆಗೆ ಬಂದಿದ್ದರು. "ಅನ್ನ ಕೊಡೋ ವಸ್ತು ಒಳಗಿದೆ, ನೀನು ಬಾಗಿಲಿಗೆ ಪೂಜೆ ಮಾಡ್ತೀಯಲ್ಲಪ್ಪ" ಎಂದರು. ಎಂಬತ್ತು ದಾಟಿದ ಜೀವ. ಇವನಿಗೆ ಇಲ್ಲ ಅನ್ನಲಾಗಲಿಲ್ಲ. ಪೆಟ್ಟಿಗೆ ತೆರೆದ. ನೋಡಿದವನು ನಾನೊಬ್ಬನೇ. ಅವರು ಉಂಗುರ ಬೆರಳಿನಿಂದ ಒಂದು ಬಿಲ್ಲೆಗೆ ಗಂಧ ಹಚ್ಚಿದರು. ಮರುದಿನ ಬೆಳಿಗ್ಗೆ ಇವನೇ ಒರೆಸಿದ.

ಒರೆಸಿದ್ದು ಸಾಲದೆ ಹೋಗಿತ್ತು. ಎಂಟನೇ ದಿನ ಕಿಟಕಿಯ ಬಿಸಿಲಿಗೆ ಬಿಲ್ಲೆಯನ್ನು ಓರೆಯಾಗಿ ಹಿಡಿದಾಗ ಒಣಗಂಧದ ಪೊರೆ ಕಂಡಿತು, ಕೂದಲೆಳೆಯ ಹತ್ತನೇ ಒಂದು ಪಾಲು. ಆ ವಾರ ಅಳೆದ ಬಳೆಗಳಲ್ಲಿ ಅಷ್ಟು ದಪ್ಪ ಹೆಚ್ಚಿದ್ದವೂ ಸರಿಯೆಂದು ಪಾಸಾಗಿ ಹೊರಟುಹೋಗಿದ್ದವು.

ನಾನು ಪಕ್ಕದಲ್ಲೇ ಇದ್ದೆ. ಅವನಿಗೆ ಆಗ ಐವತ್ಮೂರು. ಈ ಕೆಲಸ ಹೋದರೆ ಇನ್ನೊಂದು ಸಿಗುವುದು ಕಷ್ಟ. "ಒರೆಸಿ ಮುಚ್ಚಿಡು ಮುನಿ, ಯಾರಿಗೆ ಗೊತ್ತಾಗುತ್ತೆ" ಎಂದೆ.

"ನಿಂಗೆ ಗೊತ್ತಾಯ್ತಲ್ಲ" ಎಂದ. ಗದರಲಿಲ್ಲ. ಇವತ್ತಿಗೂ ಆ ಮಾತು ನನ್ನನ್ನು ಬಿಟ್ಟಿಲ್ಲ.

ಅವನು ಹೋಗಿ ವಿಷಯ ಹೇಳಿದಾಗ ವಸಂತ್ ಮೊದಲು ಸಮಾಧಾನವಾಗಿಯೇ ಮಾತಾಡಿದರು. "ಮುನೀಂದ್ರಣ್ಣ, ಜೋಡಿಸೋ ಕಡೆ ಅವ್ರು ಮತ್ತೆ ಚೆಕ್ ಮಾಡೇ ಮಾಡ್ತಾರೆ. ನೀವ್ಯಾಕೆ ತಲೆ ಕೆಡಿಸ್ಕೋತೀರ?"

"ಅಲ್ಲಿರೋನೂ ಮೊನ್ನೆ ಪೂಜೆ ಮಾಡಿರ್ತಾನೆ ಸಾರ್."

ಕೊನೆಗೆ ವಸಂತ್ ತಾವೇ ಕೊಳ್ಳುವವರಿಗೆ ಫೋನ್ ಮಾಡಿದರು. ಇನ್ನೂರ ನಲವತ್ತು ಬಳೆ ವಾಪಸ್ ಬಂದವು. ಹತ್ತೊಂಬತ್ತು ಮಿತಿ ಮೀರಿದ್ದವು. ಯಾವುದೂ ವಿಮಾನ ಹತ್ತಿರಲಿಲ್ಲ. ಕೊಳ್ಳುವವರು ನಾಲ್ಕು ತಿಂಗಳು ಆರ್ಡರ್ ನಿಲ್ಲಿಸಿದರು. ಪೆಟ್ಟಿಗೆ ಯಾರು ತೆರೆಸಿದರೆಂದು ಮುನೀಂದ್ರ ಹೇಳಲಿಲ್ಲ, ನನ್ನ ಬಾಯನ್ನೂ ಕಟ್ಟಿದ. ವಸಂತ್ ಅವನನ್ನು ಮನೆಗೆ ಕಳಿಸಲಿಲ್ಲ, ಆದರೆ ಅಳತೆಯಿಂದ ತೆಗೆದು ನನ್ನ ಜೊತೆ ಪ್ಯಾಕಿಂಗಿಗೆ ಹಾಕಿದರು. ಗದುಗಿನ ಕಡೆಯಿಂದ ಬಂದ ಸವಿತಾ ಎಂಬ ಡಿಪ್ಲೊಮಾ ಹುಡುಗಿ ಅಳತೆಯ ಮೇಜಿಗೆ ತನ್ನದೇ ಕುರ್ಚಿ ತಂದುಕೊಂಡಳು. ಇವನು ಡಬ್ಬಿ ತುಂಬುತ್ತಾ ಅಲ್ಲಿಂದಲೇ ಅವಳಿಗೆ ಹೇಳಿಕೊಡುತ್ತಿದ್ದ: "ಬಟ್ಟೆಯಿಂದ ಒರೆಸಿದ್ಮೇಲೆ ಬಿಸಿಲಿಗೆ ಹಿಡಿಯಮ್ಮ. ಕೈಗೆ ಗೊತ್ತಾಗಲ್ಲ, ಕಣ್ಣಿಗೆ ಗೊತ್ತಾಗುತ್ತೆ." ಕೊನೆಯವರೆಗೂ ಆ ಸ್ಟೂಲಿಗೆ ಅವನು ಹಿಂತಿರುಗಲಿಲ್ಲ. ಬೇಸರವಾಗಿತ್ತು, ನನಗೆ ಗೊತ್ತು. ಹಾಳಾದ ಕೆಲಸ ಎಂದು ಒಂದು ದಿನವೂ ಅನ್ನಲಿಲ್ಲ.

ಮೊನ್ನೆ ಆಯುಧಪೂಜೆಗೆ ವೆಂಕಟಮ್ಮ ಮತ್ತೆ ಬಂದರು, ಮಗನ ತೋಳು ಹಿಡಿದುಕೊಂಡು. ಗಂಧದ ಬಟ್ಟಲು ಹಿಡಿದು ಪೆಟ್ಟಿಗೆಯ ಮುಂದೆ ನಿಂತರು. ಸವಿತಾ ಮುಚ್ಚಳದ ಮೇಲೆ ಅಂಗೈ ಇಟ್ಟಳು.

"ಅಮ್ಮಾರ, ಮ್ಯಾಲೆ ಹಚ್ರಿ. ಒಳಗ ಬ್ಯಾಡ್ರಿ."

ಅವರು ಅವಳ ಮುಖ ನೋಡಿದರು, ಮಗನ ಕಡೆ ನೋಡಿದರು. "ಆ ಸಲ ನಾನೇ ಅಲ್ವೇನಪ್ಪ?" ಎಂದು ನನ್ನನ್ನು ಕೇಳಿದರು. ನಾನು ತಲೆ ತಗ್ಗಿಸಿ ಕುಂಕುಮದ ಬಟ್ಟಲನ್ನು ಅವರ ಮುಂದೆ ಹಿಡಿದೆ.

ಮುಚ್ಚಳಕ್ಕೆ ಗಂಧವಿಟ್ಟರು, ಅದರ ಮೇಲೆ ಕುಂಕುಮ. ಹೋಗುವ ಮುಂಚೆ ಮುನೀಂದ್ರನ ಸ್ಟೂಲಿಗೂ ಒಂದು ಬೊಟ್ಟಿಟ್ಟರು. ಮರುದಿನ ಸವಿತಾ ಪೆಟ್ಟಿಗೆಯನ್ನು ಬಿಸಿಲಿಗೆ ಹಿಡಿದು ಹಿಡಿದು ಒರೆಸಿದಳು. ಸ್ಟೂಲಿನದನ್ನು ಯಾರೂ ಒರೆಸಲಿಲ್ಲ.